ಸಾವಿನ ಸುದ್ದಿಗೆ ಇಂಗ್ಲಿಷಿನಲ್ಲಿ ಯಾವ ಪದ?

ವಿಜಯಪುರದಲ್ಲಿ ಯಾರಾದರೂ ತೀರಿಕೊಂಡರೆ ವಾಟ್ಸಾಪ್‌ಗೆ ಮೊದಲು ಬರೋದು 'ಎಕ್ಸ್‌ಪೈರ್ಡ್'. ನಮ್ಮಲ್ಲಿ ನಡೆಯುತ್ತದೆ. ಆದರೆ ಹೊರದೇಶದವರು ಅದನ್ನು ಹೆಚ್ಚಾಗಿ ಅವಧಿ ಮುಗಿದ ಔಷಧಿಗೆ, ಲೈಸೆನ್ಸಿಗೆ ಬಳಸುತ್ತಾರೆ, ಹಾಗಾಗಿ ಲಂಡನ್ನಿನಲ್ಲಿರುವ ಗೆಳೆಯನಿಗೆ ಅವನ ಅಜ್ಜನ ಬಗ್ಗೆ ಬರೆಯುವಾಗ ಸುಮ್ನೆ 'ಪಾಸ್ಡ್ ಅವೇ' ಅನ್ನಿ. 'ಡೈಡ್' ಒರಟು ಅಂತ ಹೆದರಬೇಡಿ, ಪತ್ರಿಕೆಗಳು ಅದನ್ನೇ ಬರೆಯುತ್ತವೆ.

ಆಫೀಸಿನ ಶೋಕ ಸಂದೇಶಕ್ಕೆ 'ಡಿಮೈಸ್' ಸರಿ. ಅದಕ್ಕೊಂದು 'ಸ್ಯಾಡ್' ಯಾಕೆ ಅಂಟಿಸುತ್ತಾರೋ, ಖುಷಿಯ ಸಾವು ಇರುತ್ತಾ?

ಬ್ಯಾಂಕಿನ ಕ್ಲೇಮ್ ಫಾರ್ಮಿನಲ್ಲಿ 'ಡಿಸೀಸ್ಡ್' ಅಂತಿರುತ್ತದೆ. ಅರ್ಜಿ ಬರೆಯುವಾಗ ಸ್ಪೆಲಿಂಗ್ ನೋಡಿಕೊಳ್ಳಿ: 'ಡಿ' ಆದ ಮೇಲೆ 'ಇ, ಸಿ' ಬರಬೇಕು. ಅಲ್ಲಿ 'ಐ, ಎಸ್' ಹಾಕಿದರೆ ತೀರಿಹೋದವರು ಕಾಯಿಲೆಯವರಾಗುತ್ತಾರೆ! ಹೆಸರಿಗೆ ಮೊದಲು 'ಲೇಟ್' ಸಾಕು.

ಹೆದ್ದಾರಿ ಅಪಘಾತದ ವರದಿಯಲ್ಲಿ ಜಾಸ್ತಿ ಜನ ಎಡವುವುದು 'ಕ್ಯಾಶುವಲ್ಟಿ'ಯಲ್ಲಿ. ಅದರಲ್ಲಿ ಗಾಯಗೊಂಡವರೂ ಸೇರುತ್ತಾರೆ. ಸತ್ತವರ ಲೆಕ್ಕ ಮಾತ್ರ ಬೇಕಾದರೆ 'ಫೇಟಲಿಟಿ'. ಕೊಲೆಯಾಗದಿದ್ದರೂ ಅಪಘಾತದಲ್ಲಿ ಸತ್ತವರಿಗೆ 'ಕಿಲ್ಡ್' ಅನ್ನಬಹುದು.

ಮಠದ ಸ್ವಾಮೀಜಿ ಲಿಂಗೈಕ್ಯರಾದರೆ? ಆ ಪದವನ್ನು ಹಾಗೇ ಇಡಿ, ಜೊತೆಗೆ 'ಪಾಸ್ಡ್ ಅವೇ' ಅಂತ ಸೇರಿಸಿ.