ಒಂಬತ್ತು ಪಿನ್ನಿನ ಪ್ಲಗ್ ನಂಬಿ ಹಳೆ ಮೌಸ್ ಕೊಳ್ಳಬೇಡಿ

ನನ್ನ ಹಳೆ ಕಾಲದ ಕಂಪ್ಯೂಟರ್ ಅಮಿಗಾ 500 ಬಂದಾಗ ಜೊತೆಯಲ್ಲಿ ಮೌಸ್ ಇರಲಿಲ್ಲ. ಇಲ್ಲಿ ಜರ್ಮನಿಯ ಹಳೆ ಸಾಮಾನಿನ ಸಂತೆಯಲ್ಲಿ ಅಟಾರಿ ಎಸ್‌ಟಿ ಅನ್ನೋ ಇನ್ನೊಂದು ಹಳೆ ಕಂಪ್ಯೂಟರಿನ ಮೌಸ್ ಅಗ್ಗಕ್ಕೆ ಸಿಕ್ಕಿತು, ಕೊಂಡು ತಂದೆ. ಎರಡಕ್ಕೂ ಒಂದೇ ಥರದ ಒಂಬತ್ತು ಪಿನ್ನಿನ ಪ್ಲಗ್. ಚುಚ್ಚಿದರೆ ಸರಿಯಾಗಿ ಕೂರುತ್ತದೆ, ಬಟನ್ನುಗಳೂ ಕೆಲಸ ಮಾಡುತ್ತವೆ. ಆದರೆ ಮೌಸ್ ಎಷ್ಟೇ ಉಜ್ಜಿದರೂ ಪರದೆಯ ಮೇಲಿನ ಬಾಣ ಇದ್ದಲ್ಲೇ ನಡುಗುತ್ತದೆ, ಅಷ್ಟೇ.

ಇದು ಹೀಗೇ ಆಗುತ್ತದೆ ಅಂತ ಗೊತ್ತಿದ್ದೇ ತಂದಿದ್ದೆ. ಚೆಂಡಿನ ಮೌಸ್ ಬಿಚ್ಚಿದರೆ ಒಳಗೆ ಹಲ್ಲುಹಲ್ಲಾದ ಎರಡು ಪುಟ್ಟ ಚಕ್ರಗಳು ಕಾಣುತ್ತವೆ. ಒಂದು ಅಡ್ಡ ಚಲನೆಗೆ, ಇನ್ನೊಂದು ಉದ್ದ ಚಲನೆಗೆ. ಒಂದೊಂದು ಚಕ್ರದಿಂದ ಎರಡೆರಡು ಸಿಗ್ನಲ್, ಒಂದು ಸ್ವಲ್ಪ ಮುಂದೆ, ಇನ್ನೊಂದು ಸ್ವಲ್ಪ ಹಿಂದೆ. ಯಾವುದು ಮೊದಲು ಬಂತು ಅನ್ನೋದರ ಮೇಲೆ ಕಂಪ್ಯೂಟರಿಗೆ ದಿಕ್ಕು ತಿಳಿಯುತ್ತದೆ. ಟ್ರ್ಯಾಕ್‌ಬಾಲ್ ಒಳಗೂ ಸಾಮಾನ್ಯವಾಗಿ ಇದೇ ಏರ್ಪಾಡು.

ಅಟಾರಿ ಎಸ್‌ಟಿಯಲ್ಲಿ ಅಡ್ಡ ಜೋಡಿ 1 ಮತ್ತು 2ನೇ ಪಿನ್ನಿನಲ್ಲಿದೆ. ಅಮಿಗಾದಲ್ಲಿ ಅದು 2 ಮತ್ತು 4ರಲ್ಲಿದೆ. ಜೋಡಿ ಒಡೆದು ಹೋದಮೇಲೆ ಬಾಣ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಡುತ್ತಾ ಕೂರುತ್ತದೆ. ಮದ್ದು ಸುಲಭ: 1 ಮತ್ತು 4ನ್ನು ಅದಲುಬದಲು ಮಾಡಿದರೆ ಸಾಕು. ಮೌಸಿನ ಕೇಬಲ್ ಕತ್ತರಿಸಲು ಮನಸ್ಸು ಬರಲಿಲ್ಲ. ಎರಡು ಪ್ಲಗ್ ತಂದು, ಗೇಣುದ್ದದ ವೈರ್ ಹಾಕಿ, ಬೇರೆಯೇ ಒಂದು ಅಡಾಪ್ಟರ್ ಬೆಸುಗೆ ಹಾಕಿದೆ. ಚುಚ್ಚುವ ಮೊದಲು ಮಲ್ಟಿಮೀಟರ್‌ನಲ್ಲಿ ಪ್ರತಿ ಪಿನ್ನೂ ಬೀಪ್ ಮಾಡಿಸಿ ನೋಡಿದೆ. 7ರಲ್ಲಿ 5 ವೋಲ್ಟ್, 8ರಲ್ಲಿ ಗ್ರೌಂಡ್. ಇವೆರಡು ಒಂದಕ್ಕೊಂದು ತಾಗಿದರೆ ಕಥೆ ಮುಗಿದಂತೆ.

ಇನ್ನೊಂದು ಹಳೆ ಕಂಪ್ಯೂಟರ್ ಕಮೊಡೋರ್ 64ರದ್ದು ಬೇರೆಯೇ ಲೋಕ. ಅದರ 1351 ಮೌಸ್ ತನ್ನನ್ನು ಪ್ಯಾಡಲ್ (ಆಟಕ್ಕೆ ಬಳಸುವ ತಿರುಗಿಸುವ ಗುಬ್ಬಿ) ಅಂತ ತೋರಿಸಿಕೊಂಡು, ಧ್ವನಿಯ ಚಿಪ್ ಆದ ಸಿಡ್ ಮೂಲಕ ಒಳಗೆ ಬರುತ್ತದೆ. ಬೇಸಿಕ್ ಭಾಷೆಯಲ್ಲಿ 54297 ಮತ್ತು 54298ನೇ ಮೆಮೊರಿ ವಿಳಾಸಗಳನ್ನು ಪೀಕ್ ಮಾಡುತ್ತಾ, ಅಂದರೆ ಓದುತ್ತಾ, ಮೌಸ್ ಆಡಿಸಿದರೆ ಅಂಕಿ ಏರಿಳಿಯುವುದು ಕಾಣುತ್ತದೆ. ಕೊನೆಯ ಬಿಟ್ ಸುಮ್ನೆ ಅಲ್ಲಾಡುತ್ತಿರುತ್ತದೆ, ಅದನ್ನು ನಂಬಬೇಡಿ. ಒಂದನೇ ಪೋರ್ಟ್ ಕೀಬೋರ್ಡ್ ಜೊತೆ ದಾರಿ ಹಂಚಿಕೊಂಡಿರುವುದರಿಂದ ಎಡ ಬಟನ್ ಒತ್ತಿದರೆ ಪರದೆ ಮೇಲೆ ಸ್ಪೇಸ್ ಬೀಳುತ್ತದೆ, ಗಾಬರಿಯಾಗಬೇಡಿ. ಬಲ ಬಟನ್ ಒತ್ತಿ ಹಿಡಿದು ಕಂಪ್ಯೂಟರ್ ಆನ್ ಮಾಡಿದರೆ ಇದೇ ಮೌಸ್ ಜಾಯ್‌ಸ್ಟಿಕ್ ಆಗುತ್ತದೆ. ಹಾಗೆ ಬಳಸೋದು ನನಗಂತೂ ಹಿಂಸೆ. ಮೆಲ್ಲಗೆ ಸರಿಸಿದರೂ ಜೋರಾಗಿ ಸರಿಸಿದರೂ ಒಂದೇ ವೇಗ.

ಈ ಕಂಪ್ಯೂಟರುಗಳಿಗೆ ಪಿಸಿಯ ದುಂಡು ಪ್ಲಗ್ಗಿನ ಪಿಎಸ್‌/2 ಮೌಸ್ ಹಾಕಬೇಕೆಂದರೆ ಒಳಗೆ ಚಿಪ್ ಇರುವ ಅಡಾಪ್ಟರೇ ಬೇಕು, ಬರೀ ವೈರ್ ಜೋಡಿಸಿದರೆ ಆಗಲ್ಲ. ಜೊತೆಗೆ ಮೌಸ್ ಎಷ್ಟು ಕರೆಂಟ್ ಎಳೆಯುತ್ತದೆ ನೋಡಿ. ಕಮೊಡೋರ್ 64ರ ಪೋರ್ಟಿಗೆ ಹೇಳಿರುವ ಮಿತಿ 50 ಮಿಲಿಆಂಪ್. ಎಷ್ಟೋ ಆಪ್ಟಿಕಲ್ ಮೌಸುಗಳ ತಳದಲ್ಲಿ 100 ಅಂತ ಅಚ್ಚಾಗಿರುತ್ತದೆ, ಅಂಥವನ್ನು ನಾನು ಪಕ್ಕಕ್ಕಿಡುತ್ತೇನೆ. ಹಳೆ ಪಿಸಿಯ ಸೀರಿಯಲ್ ಪೋರ್ಟಿಗೂ ಇದೇ ಒಂಬತ್ತು ಪಿನ್ನು. ಅಲ್ಲಿ ಮೈನಸ್ 12 ವೋಲ್ಟೂ ಓಡಾಡುತ್ತದೆ. ಅಮಿಗಾ ಮೌಸನ್ನು ಅದಕ್ಕೆ ಮಾತ್ರ ಚುಚ್ಚಲೇಬೇಡಿ.