ಹಾಲು ಕಟ್ಟಿ ಎದೆ ಬಿಗಿದಾಗ ತಿಕ್ಕಬೇಡಿ, ಸವರಿ

ಹೆರಿಗೆಯಾಗಿ ಮೂರನೇ ದಿನವೋ ನಾಲ್ಕನೇ ದಿನವೋ, ಅಂದ್ರೆ ಸರಿಯಾಗಿ ಡಿಸ್ಚಾರ್ಜ್ ಆಗಿ ಮನೆಗೆ ಬಂದು ಅಮ್ಮ, ಅತ್ತೆ, ನಾದಿನಿ ಎಲ್ಲ ಸುತ್ತ ಕೂತಿರೋ ಹೊತ್ತಿಗೇ ಎದೆ ಬಿಗಿಯೋಕೆ ಶುರುವಾಗತ್ತೆ. ಚರ್ಮ ಹೊಳೆಯತ್ತೆ, ಮುಟ್ಟಿದ್ರೆ ನೋವು, ಕಂಕುಳ ತನಕ ಭಾರ, ಮಗು ಬಾಯಿ ಹಾಕಿದ್ರೆ ಜಾರತ್ತೆ, ಅದೂ ಅಳತ್ತೆ ನೀವೂ ಅಳ್ತೀರಿ. ಆಗ ಮನೆಯವರೆಲ್ಲರದ್ದೂ ಒಂದೇ ಮಾತು, ಹಾಲು ಕಟ್ಟಿದೆ, ಬಿಸಿನೀರು ಹಾಕಿ ಚೆನ್ನಾಗಿ ತಿಕ್ಕಿ ಇಳಿಸಿ ಅಂತ. ನಾನು ಥಾಣೆಲಿ ಮೆಟರ್ನಿಟಿ ವಾರ್ಡ್ ನರ್ಸ್, ಈ ಮಾತನ್ನ ಕನ್ನಡ, ತುಳು, ಮರಾಠಿ, ಗುಜರಾತಿ ಎಲ್ಲದರಲ್ಲೂ ಕೇಳಿದ್ದೀನಿ. ಬಿಸಿನೀರಿನ ಮಾತು ಸ್ವಲ್ಪ ಮಟ್ಟಿಗೆ ಸರಿ, ತಿಕ್ಕೋ ಮಾತು ಪೂರ್ತಿ ತಪ್ಪು.

ಯಾಕೆ ಅಂದ್ರೆ ಆ ಬಿಗಿತ ಬರೀ ಹಾಲಿಂದಲ್ಲ. ಹಾಲು ಜೋರಾಗಿ ಬರೋಕೆ ಶುರುವಾದಾಗ ಎದೆಗೆ ರಕ್ತ ಜಾಸ್ತಿ ಹರಿಯತ್ತೆ, ಅದರ ಜೊತೆಗೆ ನೀರಿನಂಶ ಹಾಲಿನ ನಾಳಗಳ ಸುತ್ತ ತುಂಬ್ಕೊಳ್ಳತ್ತೆ, ಹೆರಿಗೆ ವೇಳೆ ತುಂಬಾ ಸಲೈನ್ ಏರಿಸಿದ್ರೆ ಈ ಊತ ಇನ್ನೂ ಜಾಸ್ತಿ ಇರಬಹುದು. ಊದಿಕೊಂಡ ಜಾಗ ನಾಳಗಳನ್ನ ಹೊರಗಿಂದ ಅಮುಕತ್ತೆ, ಹಾಲು ಬರೋ ದಾರಿ ಕಿರಿದಾಗತ್ತೆ. ಈಗ ಅದರ ಮೇಲೆ ನೀವು ಬೆರಳಿಟ್ಟು ಜೋರಾಗಿ ಒತ್ತಿದ್ರೆ ಒಳಗಿನ ಸೂಕ್ಷ್ಮ ಭಾಗಕ್ಕೆ ಪೆಟ್ಟಾಗಿ ಊತ ಇನ್ನೂ ಏರತ್ತೆ, ಮಾರನೇ ದಿನ ಕೆಂಪಾಗತ್ತೆ. ಹಾಲುಣಿಸುವಿಕೆ ಬಗ್ಗೆ ಕೆಲಸ ಮಾಡೋ ಡಾಕ್ಟರ್‌ಗಳ ಅಂತಾರಾಷ್ಟ್ರೀಯ ಸಂಸ್ಥೆ, ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್, 2022ರಲ್ಲಿ ಎದೆಬಾವಿನ ಗೈಡ್‌ಲೈನ್ ಬದಲಾಯಿಸಿದಾಗ ಹೇಳಿದ್ದೂ ಇದನ್ನೇ, ಗಟ್ಟಿ ಮಸಾಜ್ ಬೇಡ, ಐಸ್ ಇಡಿ, ಎದೆ ಖಾಲಿ ಮಾಡೋ ಹಠ ಬಿಡಿ ಅಂತ. ಅದಕ್ಕೂ ಮುಂಚೆ ನಾವೂ ವಾರ್ಡಲ್ಲಿ ಬಿಸಿ ಮತ್ತು ಮಸಾಜ್ ಅಂತಲೇ ಹೇಳ್ತಿದ್ವಿ, ಹಾಗಾಗಿ ಹಳೇ ಪುಸ್ತಕದಲ್ಲೋ ಹಳೇ ವೀಡಿಯೋದಲ್ಲೋ ಬೇರೆ ಥರ ಇದ್ರೆ ಗಾಬರಿ ಆಗಬೇಡಿ.

ಮೊದಲು ಮಾಲಿಶ್ ಬಾಯಿ, ಅಂದ್ರೆ ಮನೆಗೆ ಬಂದು ಎಣ್ಣೆ ಹಚ್ಚಿ ತಿಕ್ಕೋ ಹೆಂಗಸಿನ ವಿಷಯ ಮುಗಿಸ್ತೀನಿ. ಮುಂಬೈ ಪುಣೆ ಕಡೆ ಬಾಣಂತನ ಅಂದ್ರೆ ನಲವತ್ತು ದಿನ ಬಾಯಿ ಬರ್ತಾಳೆ, ಮಗೂಗೂ ತಾಯಿಗೂ ಎಣ್ಣೆ ಹಚ್ತಾಳೆ, ಊರಿಂದ ಅಜ್ಜಿ ಬರೋಕಾಗದ ಮನೆಗಳಿಗೆ ಅವಳೇ ಆಧಾರ, ನನಗೆ ಅವರ ಬಗ್ಗೆ ಗೌರವ ಇದೆ. ಸೊಂಟ, ಬೆನ್ನು, ಕಾಲು ಎಲ್ಲ ಮಾಡಿಸ್ಕೊಳ್ಳಿ, ಸಿಸೇರಿಯನ್ ಆಗಿದ್ರೆ ಹೊಟ್ಟೆ ಮಾತ್ರ ಬಿಟ್ಟು. ಎದೆ ಹತ್ರ ಬಂದಾಗ ಸಂಕೋಚ ಬೇಡ, "ಮೌಶಿ, ಛಾತೀವರ್ ಜೋರ್ ದೇಊ ನಕಾ", ಅಂದ್ರೆ ಎದೆ ಮೇಲೆ ಜೋರು ಹಾಕಬೇಡಿ ಅಂತ ಮರಾಠಿಯಲ್ಲೇ ನೇರ ಹೇಳಿಬಿಡಿ. ಒಂದು ಸಲ ಹೇಳಿದ್ರೆ ಕೇಳಲ್ಲ, ಎರಡು ಸಲ ಹೇಳಿ.

ಈಗ ಮಾಡೋದು ಹೇಗೆ. ಕುಡಿಸೋಕೆ ಸ್ವಲ್ಪ ಮುಂಚೆ ದಿಂಬಿಗೆ ಒರಗಿ ಅರ್ಧ ಮಲಗಿ, ಯಾವ ಕಡೆ ಬಿಗಿದಿದೆಯೋ ಆ ಕೈಯನ್ನ ತಲೆ ಮೇಲೆ ದಿಂಬಿನ ಮೇಲಿಡಿ. ಇನ್ನೊಂದು ಕೈಯಲ್ಲಿ ಮೊದಲು ಕಾಲರ್ ಬೋನ್ ಮೇಲಿರೋ ಗುಂಡಿಯಲ್ಲಿ ಸಣ್ಣ ಸಣ್ಣ ಸುತ್ತು ಹಾಕಿ, ಒಂದು ಹತ್ತು ಸಲ, ಆಮೇಲೆ ಕಂಕುಳಲ್ಲಿ ಹಾಗೇ ಹತ್ತು ಸಲ. ಊತದ ನೀರು ವಾಪಸ್ ಹೋಗೋ ಗಂಟುಗಳು ಅಲ್ಲೇ ಇರೋದು, ಅದಕ್ಕೆ ಅಲ್ಲಿಂದ ಶುರು. ಆಮೇಲೆ ಮೊಲೆತೊಟ್ಟಿನ ಕಡೆಯಿಂದ ಮೇಲಕ್ಕೆ, ಕಂಕುಳ ಕಡೆಗೂ ಕಾಲರ್ ಬೋನ್ ಕಡೆಗೂ, ಅಂಗೈ ಚಪ್ಪಟೆ ಇಟ್ಟು ನಿಧಾನ ಸವರಿ. ತುಂಬಾ ಜನ ಉಲ್ಟಾ ಮಾಡ್ತಾರೆ, ಮೇಲಿಂದ ತೊಟ್ಟಿನ ಕಡೆಗೆ ಎಳೀತಾರೆ, ಹಾಲು ತಳ್ಳಬೇಕು ಅಂತ. ಹಾಲು ತಳ್ಳೋ ಕೆಲಸ ಮಗೂದು, ನೀವು ಊತ ಇಳಿಸ್ತಿದ್ದೀರಿ ಅಷ್ಟೇ. ಎಷ್ಟು ಹಗುರ ಅಂದ್ರೆ ಮಗೂ ನೆತ್ತಿಗೆ ಎಣ್ಣೆ ಸವರ್ತೀವಲ್ಲ, ಅಲ್ಲಿ ಯಾರೂ ಒತ್ತಲ್ಲ, ಅಷ್ಟೇ ಹಗುರ. ಚರ್ಮ ಸ್ವಲ್ಪ ಸರಿದ್ರೆ ಸಾಕು, ನೋವಾಯ್ತು ಅಂದ್ರೆ ಜೋರಾಯ್ತು ಅಂತ ಅರ್ಥ. ಒಣ ಕೈ ಉಜ್ಜಿದ ಹಾಗಾದ್ರೆ ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಕೊಳ್ಳಿ, ತೊಟ್ಟಿಗೆ ತಾಗಿಸಬೇಡಿ, ಮಗು ಬಾಯಿ ಜಾರತ್ತೆ.

ಬಿಸಿ ಇಡೋದಾದ್ರೆ ಇದೇ ಹೊತ್ತಲ್ಲಿ, ಕುಡಿಸೋ ಮುಂಚೆ ಮಾತ್ರ, ಎರಡು ಮೂರು ನಿಮಿಷ. ಸಣ್ಣ ಟವೆಲ್ಲನ್ನ ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿ, ಮೊದಲು ಮಣಿಕಟ್ಟಿನ ಒಳಗೆ ಇಟ್ಟು ನೋಡಿ, ಆಮೇಲೆ ಎದೆ ಮೇಲೆ. ಬೆಚ್ಚಗಾದಾಗ ಮೈ ಸಡಿಲಾಗತ್ತೆ, ಹಾಲು ಇಳಿಯೋದು ಸಲೀಸಾಗತ್ತೆ. ಬಿಸಿನೀರಿನ ಬ್ಯಾಗನ್ನ ಅರ್ಧ ಗಂಟೆ ಎದೆ ಮೇಲೆ ಇಟ್ಕೊಂಡು ಮಲಗೋದು ಬೇಡವೇ ಬೇಡ, ಶಾಖಕ್ಕೆ ರಕ್ತನಾಳ ಹಿಗ್ಗಿ ಊತ ಏರತ್ತೆ, ಮೊದಲೇ ನೋವಿರೋ ಚರ್ಮ ಸುಟ್ರೂ ಬೇಗ ಗೊತ್ತಾಗಲ್ಲ. ಎದೆ ಆಗಲೇ ಕೆಂಪಾಗಿ ಕಾಯ್ತಿದ್ರೆ ಬಿಸಿ ಬಿಟ್ಟೇಬಿಡಿ.

ತೊಟ್ಟಿನ ಸುತ್ತಲಿನ ಕಪ್ಪು ಭಾಗವೇ ಗಟ್ಟಿಯಾಗಿ ಮಗೂಗೆ ಬಾಯಿ ಹಿಡಿಯೋಕೆ ಆಗ್ತಿಲ್ವಾ, ಅದಕ್ಕೆ ಒಂದು ಉಪಾಯ ಇದೆ, ನನಗೆ ಎಲ್ಲಕ್ಕಿಂತ ಇಷ್ಟದ್ದು, ಖರ್ಚಿಲ್ಲ ಸಾಮಾನಿಲ್ಲ. ಉಗುರು ಚಿಕ್ಕದಾಗಿ ಕತ್ತರಿಸ್ಕೊಳ್ಳಿ. ಎರಡೂ ಕೈ ಬೆರಳ ತುದಿಗಳನ್ನ ತೊಟ್ಟಿನ ಬುಡದ ಸುತ್ತ ಇಟ್ಟು, ಎದೆಗೂಡಿನ ಕಡೆಗೆ, ಅಂದ್ರೆ ಒಳಕ್ಕೆ, ಮೆಲ್ಲಗೆ ಅದುಮಿ ಹಿಡೀರಿ, ಒಂದು ನಿಮಿಷ ಹಾಗೇ ಹಿಡಿದಿರಿ, ಬೆರಳು ಜಾಗ ಬದಲಿಸಿ ಮತ್ತೆ ಮಾಡಿ. ಅಲ್ಲಿದ್ದ ನೀರು ಹಿಂದಕ್ಕೆ ಸರಿದು ಆ ಜಾಗ ಮೆತ್ತಗಾಗತ್ತೆ, ತಕ್ಷಣ ಮಗೂನ ಹಿಡೀರಿ, ತಡ ಮಾಡಿದ್ರೆ ಮತ್ತೆ ತುಂಬತ್ತೆ. ಆಗಲೂ ಹಿಡೀಲಿಲ್ಲ ಅಂದ್ರೆ ಕೈಯಿಂದ ಸ್ವಲ್ಪ ಹಾಲು ತೆಗೀರಿ, ಹೆಬ್ಬೆರಳು ಮೇಲೆ ಉಳಿದ ಬೆರಳು ಕೆಳಗೆ, ಕಪ್ಪು ಭಾಗದ ಅಂಚಿಗೆ, ಮೊದಲು ಎದೆ ಕಡೆಗೆ ಹಿಂದೆ ತಳ್ಳಿ ಆಮೇಲೆ ಎರಡನ್ನೂ ಕೂಡಿಸಿ ಬಿಡಿ. ಚರ್ಮದ ಮೇಲೆ ಬೆರಳು ಜಾರಬಾರದು.

ಎಷ್ಟು ತೆಗೀಬೇಕು ಅಂದ್ರೆ ಮೆತ್ತಗಾಗೋ ಅಷ್ಟು, ಹಾಯೆನಿಸೋ ಅಷ್ಟು. ಖಾಲಿ ಮಾಡೋಕೆ ಹೋಗಬೇಡಿ. ಪಂಪ್ ಹಾಕಿ ಎರಡೂ ಕಡೆ ಬರಿದು ಮಾಡಿದ್ರೆ ದೇಹಕ್ಕೆ, ಓಹೋ ಮನೇಲಿ ಅವಳಿ ಮಕ್ಕಳಿದ್ದಾರೆ ಅಂತ ಲೆಕ್ಕ ಸಿಕ್ಕಿ ನಾಳೆ ಇನ್ನೂ ಜಾಸ್ತಿ ಹಾಲು ಬರತ್ತೆ, ನಾಡಿದ್ದು ಮತ್ತೆ ಬಿಗಿಯತ್ತೆ. ಒಳಗೆ ಸ್ವಲ್ಪ ಉಳಿದ್ರೇನೇ ಉತ್ಪಾದನೆ ತಗ್ಗೋದು. ಇದೇ ವಾರದಲ್ಲಿ ಅಳವಿ ಖೀರು, ಸಬ್ಬಸಿಗೆ, ಮೆಂತ್ಯದ ಉಂಡೆ ಎಲ್ಲ ಹಾಲು ಜಾಸ್ತಿ ಆಗಲಿ ಅಂತ ತಟ್ಟೆಗೆ ಬೀಳತ್ತೆ, ರುಚಿಗೆ ತಿನ್ನಿ, ಆದ್ರೆ ಎದೆ ಬಿಗಿದು ಕೂತಿರೋವಾಗ ಹಾಲು ಹೆಚ್ಚಿಸೋ ಅವಸರ ಯಾಕೋ ನನಗಂತೂ ಅರ್ಥವಾಗಿಲ್ಲ. ನಿಜವಾಗ್ಲೂ ಹಾಲು ಜಾಸ್ತಿ ಇರೋರು ಮನಸ್ಸಿದ್ರೆ ಮಿಲ್ಕ್ ಬ್ಯಾಂಕಲ್ಲಿ ವಿಚಾರಿಸಿ, ಏಷ್ಯಾದ ಮೊದಲ ಮಿಲ್ಕ್ ಬ್ಯಾಂಕ್ ನಮ್ಮ ಮುಂಬೈಯ ಸಯನ್ ಆಸ್ಪತ್ರೆಯಲ್ಲೇ 1989ರಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಶುರು ಮಾಡಿದ್ದು, ತೂಕ ಕಮ್ಮಿ ಇರೋ ಶಿಶುಗಳಿಗೆ ಆ ಹಾಲು ಹೋಗತ್ತೆ. ಕೊಡೋ ಆಸೆಗೆ ಬಿಗಿದ ಎದೆಗೆ ಪಂಪ್ ಹಚ್ಚಬೇಡಿ ಅಷ್ಟೇ, ಮೊದಲು ಇದು ಸರಿ ಹೋಗಲಿ.

ಕುಡಿಸಿದ ಮೇಲೆ ತಣ್ಣಗಿರೋದು. ಇಲ್ಲೇ ಮನೇಲಿ ಜಗಳ ಆಗೋದು, ಬಾಣಂತಿಗೆ ಫ್ಯಾನ್ ಹಾಕೋಕೂ ಬಿಡದ ಅತ್ತೆ ಐಸ್ ನೋಡಿದ್ರೆ ಸುಮ್ನಿರ್ತಾರಾ, ಥಂಡಿ ಆಗತ್ತೆ, ಹಾಲು ತಣ್ಣಗಾಗಿ ಮಗೂಗೆ ಶೀತ ಆಗತ್ತೆ ಅಂತಾರೆ. ಚರ್ಮದ ಮೇಲೆ ಹತ್ತು ನಿಮಿಷ ಐಸ್ ಇಟ್ರೆ ಹಾಲು ತಣ್ಣಗಾಗಲ್ಲ, ಅದು ಮೈ ಬಿಸಿಯಲ್ಲೇ ಬರೋದು. ಅತ್ತೆಗೆ ಹೀಗೆ ಹೇಳಿ ನೋಡಿ, ಅಮ್ಮಾ, ಮಾವ ಬಾತ್‌ರೂಮಲ್ಲಿ ಜಾರಿ ಕಾಲು ಉಳುಕಿದಾಗ ನೀವೇ ಐಸ್ ಇಟ್ರಲ್ಲ, ಇದೂ ಊತವೇ. ಫ್ರಿಜ್ಜಲ್ಲಿರೋ ಫ್ರೋಜನ್ ಬಟಾಣಿ ಪ್ಯಾಕೆಟ್ ಇದಕ್ಕೆ ಬೆಸ್ಟ್, ಎದೆ ಆಕಾರಕ್ಕೆ ಬಗ್ಗತ್ತೆ. ಹಳೇ ಕಾಟನ್ ಸೀರೆ ತುಂಡಲ್ಲಿ ಸುತ್ತಿ ಹತ್ತರಿಂದ ಹದಿನೈದು ನಿಮಿಷ ಇಡಿ, ತೊಟ್ಟು ಬಿಟ್ಟು. ಒಂದು ಗಂಟೆ ಬಿಟ್ಟು ಬೇಕಿದ್ರೆ ಮತ್ತೆ ಇಡಬಹುದು, ಬರೀ ಚರ್ಮಕ್ಕೆ ನೇರವಾಗಿ ಮಾತ್ರ ಬೇಡ.

ಐಸ್‌ಗೆ ಒಪ್ಪದ ಮನೆಗಳಲ್ಲಿ ಎಲೆಕೋಸಿಗೆ ಒಪ್ತಾರೆ, ತರಕಾರಿ ಅಲ್ವಾ. ಎಲೆ ಚೆನ್ನಾಗಿ ತೊಳೆದು ಫ್ರಿಜ್ಜಲ್ಲಿಟ್ಟು, ಮಧ್ಯದ ದಪ್ಪ ದಂಟು ತೆಗೆದು, ತೊಟ್ಟು ಹೊರಗಿರೋ ಹಾಗೆ ಬ್ರಾ ಒಳಗೆ ಹಾಕ್ಕೊಳ್ಳಿ, ಇಪ್ಪತ್ತು ನಿಮಿಷಕ್ಕೆ ಬಾಡಿ ಹೋಗತ್ತೆ, ಬಿಸಾಕಿ. ಎಲೆಯಲ್ಲಿ ಏನೋ ವಿಶೇಷ ಶಕ್ತಿ ಇದೆ ಅಂತ ನನಗೇನೂ ನಂಬಿಕೆ ಇಲ್ಲ, ತಂಪು ಹಿತ ಅಷ್ಟೇ, ಅದೂ ಬೇಕು. ತೊಟ್ಟು ಒಡೆದು ಗಾಯವಾಗಿದ್ರೆ ಎಲೆ ಬೇಡ. ನೋವಿಗೆ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎರಡೂ ಹಾಲು ಕುಡಿಸೋ ತಾಯಂದಿರಿಗೆ ಸಾಮಾನ್ಯವಾಗಿ ಕೊಡೋವೇ, ಅಲ್ಸರ್, ಆಸ್ತಮಾ, ಕಿಡ್ನಿ ತೊಂದರೆ ಇದ್ರೆ ಡಾಕ್ಟರ್‌ನ ಕೇಳದೆ ಐಬುಪ್ರೊಫೆನ್ ತಗೋಬೇಡಿ.

ಒಂದೇ ಜಾಗದಲ್ಲಿ ಗಂಟು ಸಿಕ್ಕಿದ್ರೂ ಇದೇ ಕ್ರಮ. ಗಂಟನ್ನ ಬೆರಳಲ್ಲಿ ಹಿಸುಕಿ ಒಡೆಯೋ ಪ್ರಯತ್ನ ಬೇಡ, ಗಂಟಿನ ಮೇಲೆ ಎಲೆಕ್ಟ್ರಿಕ್ ಟೂತ್‌ಬ್ರಷ್ ಹಿಡಿಯೋ ರೀಲ್ಸ್ ನೋಡಿದ್ರೆ ಮುಂದಕ್ಕೆ ಸ್ಕ್ರೋಲ್ ಮಾಡಿ. ಮಗು ಕೇಳಿದಾಗ ಎಂದಿನಂತೆ ಕುಡಿಸಿ, ಆ ಕಡೆ ನಿಲ್ಲಿಸೋದೂ ಬೇಡ, ಅದೇ ಕಡೆ ಹತ್ತು ಸಲ ಕುಡಿಸೋದೂ ಬೇಡ. ತೊಟ್ಟಿನ ತುದಿಯಲ್ಲಿ ಬಿಳಿ ಚುಕ್ಕೆ ಕಂಡ್ರೆ ಸೂಜಿಯಲ್ಲಿ ಚುಚ್ಚಬೇಡಿ. ಇನ್ನೊಂದು, ಕುಡಿಸಿದ ಮೇಲೆ ತೊಟ್ಟು ಬೆಳ್ಳಗಾಗಿ ಆಮೇಲೆ ನೀಲಿಯಾಗಿ ಚುರುಚುರು ಅಂದ್ರೆ, ಎಸಿ ರೂಮಲ್ಲಿ ಜಾಸ್ತಿಯಾದ್ರೆ, ಅದು ರಕ್ತನಾಳ ಬಿಗಿಯೋ ತೊಂದರೆ, ಅವರಿಗೆ ಐಸ್ ಖಂಡಿತ ಬೇಡ, ಒಣ ಬಿಸಿ ಬಟ್ಟೆ ತೊಟ್ಟಿನ ಮೇಲಿಟ್ಟು ಬೆಚ್ಚಗೆ ಮುಚ್ಕೊಳ್ಳಿ, ಡಾಕ್ಟರ್‌ಗೆ ತೋರಿಸಿ. ಮತ್ತೆ ಪ್ರತಿ ಸಲ ತೊಟ್ಟು ಚಪ್ಪಟೆಯಾಗಿ ಹೊರಗೆ ಬರ್ತಿದ್ರೆ ಮಗು ಹಿಡಿಯೋ ರೀತಿಯೇ ಸರಿ ಇಲ್ಲ, ಬಿಸಿ ತಣ್ಣಗೆ ಎಷ್ಟು ಮಾಡಿದ್ರೂ ಅದು ಸರಿ ಹೋಗಲ್ಲ, ಹೆರಿಗೆಯಾದ ಆಸ್ಪತ್ರೆಗೇ ಮಗು ಸಮೇತ ಹೋಗಿ ನರ್ಸ್ ಎದುರಿಗೆ ಒಂದು ಸಲ ಕುಡಿಸಿ ತೋರಿಸಿ.

ಜ್ವರ 100.4 ದಾಟಿದ್ರೆ, ಎದೆ ಮೇಲೆ ಕೆಂಪು ಹರಡಿದ್ರೆ, ಮೈಕೈ ನೋವು ನಡುಕ ಬಂದ್ರೆ, ಇಲ್ಲಾ ನೋವು ಊತ ಒಂದು ದಿನದೊಳಗೆ ಇಳೀದಿದ್ರೆ ಮನೆ ಮದ್ದು ಅಲ್ಲಿಗೇ ನಿಲ್ಲಿಸಿ ಡಾಕ್ಟರ್ ಹತ್ರ ಹೋಗಿ. ಮಳೆಗಾಲದಲ್ಲಿ ಮುಂಬೈಯಲ್ಲಿ ಬಾಣಂತಿಗೆ ಜ್ವರ ಬಂದ್ರೆ ಹಾಲು ಕಟ್ಟಿದ್ದಕ್ಕೇ ಅಂತ ಅಂದ್ಕೋಬೇಡಿ, ಮಲೇರಿಯಾ ಡೆಂಗಿ ಇರಬಹುದು, ಹೆರಿಗೆಯ ಮೊದಲ ವಾರಗಳಲ್ಲಿ ಗರ್ಭಕೋಶದ ಸೋಂಕೂ ಇರಬಹುದು, ಡೆಂಗಿ ಅನುಮಾನ ಇರೋವಾಗ ಐಬುಪ್ರೊಫೆನ್ ಮುಟ್ಟಲೇಬೇಡಿ. ಆಂಟಿಬಯಾಟಿಕ್ ಕೊಟ್ರೆ ಹಾಲು ಕುಡಿಸ್ತಿದ್ದೀನಿ ಅಂತ ಹೇಳಿ, ಹೆಚ್ಚಿನವು ಕುಡಿಸ್ತಾನೇ ತಗೋಬಹುದಾದವೇ. ಗಂಟು ಮೆತ್ತಗಾಗಿ ಒಳಗೆ ಕೀವು ತುಂಬಿದ ಹಾಗಿದ್ರೆ ಸೋನೋಗ್ರಫಿ ಬೇಕು, ಎಷ್ಟೋ ಸಲ ಸೂಜಿಯಲ್ಲೇ ತೆಗೀತಾರೆ. ವಾರಗಟ್ಟಲೆ ಕರಗದ ಗಂಟನ್ನೂ ಹಾಲಿನ ಗಂಟು ಅಂತ ಬಿಡಬೇಡಿ.

ರಜೆ ಮುಗಿದು ಕೆಲಸಕ್ಕೆ ಹೋಗೋವಾಗ ಇದೆಲ್ಲ ಮತ್ತೆ ಎದುರಾಗತ್ತೆ. ಡೊಂಬಿವ್ಲಿಯಿಂದ ಮುಂಬೈ ಸಿಎಸ್‌ಎಂಟಿ ಸ್ಟೇಷನ್‌ಗೆ ಲೋಕಲ್ ಟ್ರೈನಲ್ಲಿ ಒಂದು ಗಂಟೆ ಮೇಲೆ, ಆಮೇಲೆ ಎಂಟು ಗಂಟೆ ಆಫೀಸು, ಮಗು ಮನೇಲಿ. ಮೊದಲೇ ಒಂದೊಂದು ಹೊತ್ತು ಕುಡಿಸೋದನ್ನ, ಕೆಲವು ದಿನಕ್ಕೊಮ್ಮೆ ಕಮ್ಮಿ ಮಾಡ್ತಾ ಬನ್ನಿ, ಸೋಮವಾರ ಒಂದೇ ಸಲ ನಿಲ್ಲಿಸಿದ್ರೆ ಬುಧವಾರ ಎದೆ ಬಿಗಿದೇ ಬಿಗಿಯತ್ತೆ. ಆಫೀಸಲ್ಲಿ ಮಗು ಕುಡಿಯೋ ಹೊತ್ತಿಗೆ ಪಂಪಲ್ಲೋ ಕೈಯಲ್ಲೋ ತೆಗೀರಿ, ಟಿಫಿನ್ ಬ್ಯಾಗಲ್ಲಿ ಎರಡು ಐಸ್ ಪ್ಯಾಕ್ ಇಟ್ಕೊಳ್ಳಿ, ಒಂದು ಹಾಲಿಗೆ ಒಂದು ಎದೆಗೆ. ತೆಗೆದ ಹಾಲು ಹೊರಗೆ ನಾಲ್ಕು ಗಂಟೆ ಇರತ್ತೆ ಅನ್ನೋದು 25 ಡಿಗ್ರಿ ಒಳಗಿನ ಲೆಕ್ಕ, ಮುಂಬೈ ಮೇ ತಿಂಗಳಿಗೆ ಅದನ್ನ ನಂಬಬೇಡಿ, ತಕ್ಷಣ ಫ್ರಿಜ್ಜಿಗೋ ಐಸ್ ಪ್ಯಾಕ್ ಇರೋ ಬ್ಯಾಗಿಗೋ ಹಾಕಿ. ವೈರ್ ಇರೋ ಟೈಟ್ ಬ್ರಾ ಬೇಡ, ಮತ್ತೆ ಲೇಡೀಸ್ ಡಬ್ಬದಲ್ಲಿ ನಿಂತಾಗ ಬ್ಯಾಗಿನ ಪಟ್ಟಿ ಎದೆ ಮೇಲೆ ಅಡ್ಡ ಬಂದು ಅಮುಕದ ಹಾಗೆ ಬ್ಯಾಗನ್ನ ಮೇಲಿನ ರ‍್ಯಾಕಿಗೆ ಹಾಕಿಬಿಡಿ.