ಹ್ಯುಮಿಡಿಫೈಯರ್ ಇಲ್ಲದೆ ನಡೆಸಿದ ಜಲಜನಕ ಇಂಧನಕೋಶ: ನನ್ನ ಅನುಭವ

ಜಲಜನಕವನ್ನು ಗಾಳಿಯ ಆಮ್ಲಜನಕದೊಂದಿಗೆ ಸೇರಿಸಿ ವಿದ್ಯುತ್ ಕೊಡುವ ಇಂಧನಕೋಶಕ್ಕೆ ಹ್ಯುಮಿಡಿಫೈಯರ್ ಎಂಬ ಸಾಧನದ ಮೂಲಕ ಹೊರಗಿನಿಂದ ತೇವ ಕೊಡದಿದ್ದರೆ, ಎರಡೂ ಅನಿಲಗಳ ನಡುವಿನ ಪೊರೆ ಒಣಗಿ ವೋಲ್ಟೇಜ್ ಕುಸಿಯುವುದು ಖಂಡಿತ ಎಂದು ಈ ಕೆಲಸದಲ್ಲಿ ನನಗಿಂತ ಹಳಬರಾದ ಹಲವರು ಎಚ್ಚರಿಸಿದ್ದರು. ಹನ್ನೆರಡು ಕೋಶಗಳನ್ನು ಸಾಲಾಗಿ ಪೇರಿಸಿದ ನನ್ನ ಸ್ಟ್ಯಾಕ್ ಈಗ ಹ್ಯುಮಿಡಿಫೈಯರ್ ಇಲ್ಲದೆ, ಆಮ್ಲಜನಕ ಸೇರುವ ಕ್ಯಾಥೋಡ್ ಬದಿಯನ್ನು ತೆರೆದ ಗಾಳಿಗೆ ಬಿಟ್ಟುಕೊಂಡು, ಒಂದೇ ಫ್ಯಾನಿನ ನೆರವಿನಿಂದ ದಿನವಿಡೀ ಸುಮಾರು 75 ವಾಟ್ ಕೊಡುತ್ತಿದೆ. ಕೋಶದ ವಿಸ್ತೀರ್ಣ 25 ಚದರ ಸೆಂಟಿಮೀಟರ್. ಹತ್ತು ಆಂಪಿಯರ್ ಎಳೆದಾಗಲೂ ಪ್ರತಿ ಕೋಶ 0.65 ವೋಲ್ಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ.

ಹಣ ಹೆಚ್ಚು ಪೋಲಾದದ್ದು, ಕೋಶಗಳ ನಡುವೆ ಕುಳಿತು ಕಾಲುವೆಗಳಲ್ಲಿ ಅನಿಲ ಹರಿಸುವ ಫಲಕಗಳ ವಿಷಯದಲ್ಲಿ. ಗ್ರಾಫೈಟ್ ಫಲಕದಲ್ಲಿ ಕಾಲುವೆ ಕೊರೆಸುವುದು ದುಬಾರಿಯಾದ್ದರಿಂದ ಮೊದಲ ಸ್ಟ್ಯಾಕನ್ನು 316ಎಲ್ ಸ್ಟೇನ್‌ಲೆಸ್ ಉಕ್ಕಿನಲ್ಲಿ ಕಟ್ಟಿದೆ. ಕೆಲವು ವಾರ ಅದು ಸೊಗಸಾಗಿ ನಡೆಯಿತು. ಅನಂತರ ಒಂದೊಂದೇ ಕೋಶ ಸೊರಗತೊಡಗಿತು. ಪೊರೆಯ ಆಮ್ಲೀಯತೆಗೆ ಉಕ್ಕಿನಿಂದ ಕಬ್ಬಿಣದ ಅಯಾನುಗಳು ಬಿಟ್ಟುಕೊಳ್ಳುತ್ತವೆ, ಕೋಶದೊಳಗೆ ಸ್ವಲ್ಪ ಪ್ರಮಾಣದಲ್ಲಿ ಹುಟ್ಟುವ ಪೆರಾಕ್ಸೈಡಿನೊಂದಿಗೆ ಸೇರಿ ಅವು ಪೊರೆಯನ್ನೇ ತಿನ್ನುತ್ತವೆ. ಒಟ್ಟು ಖರ್ಚಿನ ಅರ್ಧಕ್ಕೂ ಹೆಚ್ಚು ಭಾಗ ಪೊರೆಗೆ ಮತ್ತು ವೇಗವರ್ಧಕವಾದ ಪ್ಲಾಟಿನಂಗೆ ಹೋಗುವಾಗ, ಫಲಕದಲ್ಲಿ ಉಳಿಸಿದ್ದು ಪೊರೆಯಲ್ಲಿ ಹಲವು ಪಟ್ಟು ಕಳೆದುಹೋಯಿತು. ಲೇಪನವಿಲ್ಲದ ಉಕ್ಕನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಈ ವಿಧಾನದ ಜೀವಾಳ ಪೊರೆಯ ದಪ್ಪ. ಎಲ್ಲರೂ ಗಟ್ಟಿಮುಟ್ಟು ಎಂದು ನಂಬುವ ನಾಫಿಯಾನ್ 117 ಎಂಬ ಪೊರೆ ಸುಮಾರು 180 ಮೈಕ್ರಾನ್ ದಪ್ಪವಿದೆ. ಕ್ಯಾಥೋಡಿನಲ್ಲಿ ಹುಟ್ಟಿದ ನೀರು ಅಷ್ಟು ದೂರ ಹಿಂದಕ್ಕೆ ಹರಿದು ಜಲಜನಕದ ಬದಿಯಾದ ಆನೋಡನ್ನು ಸಾಕಷ್ಟು ತೋಯಿಸಲಾರದು. ಸುಮಾರು 50 ಮೈಕ್ರಾನಿನ ನಾಫಿಯಾನ್ 212ಕ್ಕೆ ಬದಲಾದ ಮೇಲೆ ಕೋಶ ತನ್ನ ನೀರಿನಿಂದಲೇ ತನ್ನನ್ನು ಒದ್ದೆಯಾಗಿಟ್ಟುಕೊಂಡಿತು. ತೆಳುವಾದ ಪೊರೆಯಲ್ಲಿ ಜಲಜನಕ ಹೆಚ್ಚು ನುಸುಳುತ್ತದೆ, ಹೊರೆಯಿಲ್ಲದಾಗಿನ ವೋಲ್ಟೇಜ್ ತುಸು ಇಳಿಯುತ್ತದೆ. ಆ ನಷ್ಟವನ್ನು ನಾನು ಸಂತೋಷದಿಂದಲೇ ಒಪ್ಪಿಕೊಂಡೆ.

ಫ್ಯಾನನ್ನು ಒಂದೇ ವೇಗದಲ್ಲಿ ಓಡಿಸಿದಾಗ ಹೊರೆ ಕಡಿಮೆಯಿದ್ದರೆ ಪೊರೆ ಒಣಗುತ್ತಿತ್ತು, ಹೊರೆ ಏರಿದರೆ ಸ್ಟ್ಯಾಕ್ ಬಿಸಿಯಾಗಿ ಮತ್ತೆ ಒಣಗುತ್ತಿತ್ತು. ವೇಗವನ್ನು ಉಷ್ಣತೆಗೆ ಕಟ್ಟಿ 50 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಿಸಿದಾಗ ಆ ತೊಂದರೆ ತೀರಿತು. ಆನೋಡಿನ ಕೊನೆಯನ್ನು ಮುಚ್ಚಿಟ್ಟಿದ್ದೇನೆ. ಗಾಳಿಯಿಂದ ನುಸುಳಿದ ಸಾರಜನಕವೂ ನೀರೂ ಅಲ್ಲಿ ಸೇರುವುದರಿಂದ ಆಗಾಗ ಕವಾಟವನ್ನು ಕ್ಷಣಾರ್ಧ ತೆರೆದು ಹೊರಹಾಕಬೇಕು. ಒಟ್ಟು ವೋಲ್ಟೇಜನ್ನು ಮಾತ್ರ ನೋಡುತ್ತಿದ್ದರೆ ಕೊನೆಯ ಕೋಶ ಜಲಜನಕ ಸಿಗದೆ ಹಸಿದು ಅದರ ವೋಲ್ಟೇಜ್ ತಿರುಗುಮುರುಗಾಗುವುದು ತಿಳಿಯುವುದೇ ಇಲ್ಲ, ತಿಳಿಯುವ ವೇಳೆಗೆ ಅದರ ಕಾರ್ಬನ್ ಸವೆದಿರುತ್ತದೆ. ಹಾಗಾಗಿ ವೋಲ್ಟೇಜ್ ನೋಡಲು ಪ್ರತಿ ಕೋಶಕ್ಕೂ ತಂತಿ ಎಳೆಯುವುದು ಅನಿವಾರ್ಯ. ಕವಾಟ ತೆರೆಯುವ ಅಂತರವನ್ನೂ, ಅದರೊಂದಿಗೆ ಸ್ಟ್ಯಾಕಿಗೆ ಕೊಡುವ ಕಿರು ಶಾರ್ಟ್ ಸರ್ಕ್ಯೂಟಿನ ಲೆಕ್ಕವನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಬೋಲ್ಟ್ ಬಿಗಿಯುವ ಕ್ರಮವೂ ಹಾಗೆಯೇ.

ಈ ನಡುವೆ ಒಂದು ಕೋಶವನ್ನು ಹಿಮ್ಮುಖವಾಗಿ ನಡೆಸಿ ನೀರಿನಿಂದ ಜಲಜನಕ ತೆಗೆಯಲು ನೋಡಿದೆ. ಅನಿಲ ಬಂದಿತು, ಆದರೆ ಆಮ್ಲಜನಕದ ಬದಿಯ ಕಾರ್ಬನ್ ಕಾಗದ ಬೇಗನೆ ಪುಡಿಯಾಯಿತು. ಅಲ್ಲಿ ಟೈಟಾನಿಯಂ ಮತ್ತು ಇರಿಡಿಯಂ ಇಲ್ಲದೆ ಆಗದು, ಅವು ನನ್ನ ಜೇಬಿಗೆ ಮೀರಿದವು. ಶುದ್ಧತೆ ಕಡಿಮೆಯಿದ್ದ ಅನಿಲವನ್ನೂ ಹಾಕಿ ನೋಡಿದೆ. ಹತ್ತು ಲಕ್ಷಕ್ಕೆ ಹತ್ತು ಭಾಗದಷ್ಟು ಕಾರ್ಬನ್ ಮೊನಾಕ್ಸೈಡ್ ಇದ್ದರೂ ಪ್ಲಾಟಿನಂ ಮಂಕಾಗುತ್ತದೆ ಎಂಬ ಮಾತು ಎಷ್ಟು ನಿಜವೆಂದು ಆಗ ಮನದಟ್ಟಾಯಿತು.

ಪೂರ್ಣ ಹೊರೆಯಲ್ಲಿ ಗಂಟೆಗೆ ನಾಲ್ಕೂವರೆ ಗ್ರಾಂ ಜಲಜನಕ ಖರ್ಚಾಗಿ ಸುಮಾರು 40 ಗ್ರಾಂ ನೀರು ಹುಟ್ಟುತ್ತದೆ. ಅನಿಲದ ಶಕ್ತಿಯಲ್ಲಿ ಅರ್ಧ ವಿದ್ಯುತ್ತಾಗುತ್ತದೆ, ಉಳಿದರ್ಧ ಬಿಸಿ. ಇಷ್ಟು ಚಿಕ್ಕ ಯಂತ್ರದಿಂದ, ಹೊಗೆಯಿಲ್ಲದೆ, ಫ್ಯಾನಿನ ಸದ್ದೊಂದನ್ನು ಬಿಟ್ಟು ಮೌನವಾಗಿ ಅರ್ಧ ಶಕ್ತಿ ಪಡೆಯುವುದು ನನ್ನ ಮಟ್ಟಿಗೆ ದೊಡ್ಡ ಮಾತು. ಆದರೆ ವಿದ್ಯುತ್ತಿನಿಂದಲೇ ಜಲಜನಕ ಮಾಡಿ, ಅದರಿಂದ ಮರಳಿ ವಿದ್ಯುತ್ ಪಡೆದರೆ ಕೊಟ್ಟದ್ದರ ಮೂರನೆಯ ಒಂದು ಭಾಗವಷ್ಟೇ ಕೈಗೆ ಬರುತ್ತದೆ, ಲಿಥಿಯಂ ಬ್ಯಾಟರಿ ಹತ್ತರಲ್ಲಿ ಒಂಬತ್ತು ಪಾಲು ಹಿಂದಿರುಗಿಸುತ್ತದೆ. ಕೆಲವೇ ಗಂಟೆಗಳ ಸಂಗ್ರಹಕ್ಕೆ ಬ್ಯಾಟರಿಯೇ ಸರಿ. ಹೊತ್ತು ಹೆಚ್ಚಾಗಬೇಕಾದಲ್ಲಿ ಸ್ಟ್ಯಾಕ್ ಅಷ್ಟೇ ಇದ್ದು ಸಿಲಿಂಡರ್ ಮಾತ್ರ ದೊಡ್ಡದಾದರೆ ಸಾಕು ಎಂಬುದು ಇಂಧನಕೋಶದ ನಿಜವಾದ ಬಲ. ಆ ಸಿಲಿಂಡರೇ ಅದರ ತೊಡಕು ಕೂಡ: ಒತ್ತಡವಿಲ್ಲದೆ ಒಂದು ಕಿಲೋ ಜಲಜನಕ ಹನ್ನೊಂದು ಘನ ಮೀಟರಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ, ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಬೆರೆತರೂ ಹೊತ್ತಿಕೊಳ್ಳುತ್ತದೆ. ಸೋರಿಕೆಯ ಸೆನ್ಸರನ್ನು ಛಾವಣಿಗೆ ಹತ್ತಿರ ಇಡಬೇಕು, ಏಕೆಂದರೆ ಅನಿಲ ಮೇಲಕ್ಕೇರುತ್ತದೆ.

ಮುಂದಿನ ಸ್ಟ್ಯಾಕಿನಲ್ಲಿ ಕೋಶಗಳನ್ನು ಇಮ್ಮಡಿ ಮಾಡಲಿದ್ದೇನೆ. ಅನಿಲ ಮೊದಲ ಅರ್ಧವನ್ನು ದಾಟಿಯೇ ಎರಡನೆಯ ಅರ್ಧಕ್ಕೆ ಹೋಗುವಂತೆ ಫಲಕಗಳನ್ನು ಈಗ ಕೊರೆಸುತ್ತಿದ್ದೇನೆ. ಸಾರಜನಕವೆಲ್ಲ ಕೊನೆಯ ಒಂದೆರಡು ಕೋಶಗಳಲ್ಲೇ ಸೇರಿದರೆ ಕವಾಟದಿಂದ ಪೋಲಾಗುವ ಜಲಜನಕ ಇನ್ನೂ ಇಳಿಯಬೇಕು.